ನಡುವಿನವರ ಬಾಯಿಂದ ಬಂದ ಮಾತು

ಬೈಲಹೊಂಗಲದ ನಮ್ಮ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡುವ ರೂಢಿ ಇರಲಿಲ್ಲ. ಏನೇ ಹೇಳುವುದಿದ್ದರೂ ಅದು ಅತ್ತೆಯ ಮೂಲಕ ಹೋಗಬೇಕು, ಅತ್ತೆಯ ಮೂಲಕವೇ ಬರಬೇಕು. ನಾನು ಅಡುಗೆಮನೆಯಿಂದ, "ಅತ್ತೀ, ಊಟಕ್ಕ ಏಳಬೇಕಂತ ಹೇಳ್ರಿ" ಎನ್ನುತ್ತಿದ್ದೆ. ಹತ್ತು ಹೆಜ್ಜೆ ಆಚೆ ಪಡಸಾಲೆಯಲ್ಲಿ ಕೂತಿದ್ದ ನನ್ನ ಗಂಡನಿಗೆ ನನ್ನ ದನಿ ಕೇಳಿಸುತ್ತಿತ್ತು. ಆದರೂ ಅತ್ತೆ ಹೊಸ್ತಿಲಿನ ತನಕ ಹೋಗಿ, "ತಮ್ಮಾ, ಉಣ್ಣಾಕ ಏಳಪಾ" ಅಂದ ಮೇಲೆಯೇ ಅವರು ಏಳುತ್ತಿದ್ದರು. ಅವರು "ಎವ್ವಾ, ಸಾರಿಗೆ ಉಪ್ಪು ಕಡಿಮಿ ಆಗೇತಿ" ಅಂದರೆ ಅತ್ತೆ ನನ್ನ ಕಡೆ ತಿರುಗಿ, "ಉಪ್ಪು ನೋಡಿ ಹಾಕವಾ" ಎನ್ನುತ್ತಿದ್ದರು.

ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಕಿತ್ತೂರಿನ ತವರಿನಿಂದ ನೇರವಾಗಿ ಈ ಮನೆಗೆ ಬಂದ ನನಗೆ ಮೊದಮೊದಲು ಇದು ಭಾರೀ ಫನ್ನಿ ಅನ್ನಿಸಿತ್ತು. 'ಮೈ ಮದರ್-ಇನ್-ಲಾ ಈಸ್ ಅವರ್ ಟೆಲಿಫೋನ್ ಎಕ್ಸ್‌ಚೇಂಜ್' ಎಂದು ಗೆಳತಿಗೆ ಕಾಗದ ಬರೆದಿದ್ದೆ. ಆ ಸಾಲನ್ನು ಈಗ ಬರೆಯಲಾರೆ.

ನಮಗೆ ಮೊದಲು ಮಗಳು. ನಾಲ್ಕು ವರ್ಷದ ಮೇಲೆ ಮಗ. ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಕೂಸಿನ ಗಂಟಲು ಊದಿಕೊಂಡು, ಉಸಿರು ಎಳೆಯುವಾಗ ಹಳೆಯ ಬಾಗಿಲು ಸರಿಸಿದ ಹಾಗೆ ಸದ್ದಾಗತೊಡಗಿತು. ಪಡಸಾಲೆಯಲ್ಲಿ ಹೊರಗಿನಿಂದ ಬಂದ ಅರಳೆ ವ್ಯಾಪಾರದವರು ಕೂತಿದ್ದರು. ನನ್ನ ಗಂಡನದು ಅರಳೆಯ ದಲಾಲಿ ಅಂಗಡಿ. ಪರಗಂಡಸರ ನಡುವೆ ಮನೆಯ ಸೊಸೆ ಹಾಗೆ ಹೋಗುವಂತಿರಲಿಲ್ಲ. ನಾನು ಅತ್ತೆಗೆ ಹೇಳಿದೆ, "ಅತ್ತೀ, ಕೂಸಿನ ಉಸಿರು ಸರಿ ಇಲ್ರಿ. ಈಗಿಂದೀಗ ಬೆಳಗಾವಿಗೆ ಒಯ್ಯಬೇಕಂತ ಹೇಳ್ರಿ."

ಅತ್ತೆ ಹೋದರು. ಹೊಸ್ತಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಏನೋ ಹೇಳಿ ತಿರುಗಿ ಬಂದರು. "ಹೇಳೇನಿ. ಮಂದಿ ಹೋದ ಮ್ಯಾಲ ನೋಡೂಣಂತ ಅಂದಾನ. ಅಲ್ಲೀತನಕ ಅರಿಷಿಣ ಹಾಲು ಕುಡಸು."

ಮಂದಿ ಹೋದರು. ಅವರ ಜೊತೆ ನನ್ನ ಗಂಡನೂ ಪೇಟೆಗೆ ಹೋದರು. ಅವರ ಚಪ್ಪಲಿಯ ಸದ್ದು ಓಣಿಯ ಕೊನೆಯವರೆಗೆ ನನಗೆ ಕೇಳಿಸಿತು. ಮಧ್ಯಾಹ್ನ ಊಟಕ್ಕೆ ಬಂದು ಕೂಸನ್ನು ನೋಡಿದ ಮೇಲೆಯೇ ಓಡಿಹೋಗಿ ಕಾರು ತಂದದ್ದು. ಬೆಳಗಾವಿಯ ಡಾಕ್ಟರು ಗಂಟಲಿಗೆ ಬ್ಯಾಟರಿ ಹಿಡಿದು ನೋಡಿ, ಡಿಫ್ತೀರಿಯಾ ಎಂದರು. ಆಮೇಲೆ ಇಂಗ್ಲಿಷಿನಲ್ಲಿ, ನನಗೊಬ್ಬಳಿಗೇ ಅನ್ನುವ ಹಾಗೆ, ಮುಂಜಾನೆ ಬರಬೇಕಾಗಿತ್ತು ಎಂದರು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ದಿನದಿಂದ ನಾವಿಬ್ಬರೂ ಮಾತು ಬಿಟ್ಟೆವು. ಬಿಡಲು ಹೆಚ್ಚಿನ ಕಷ್ಟವೇನೂ ಪಡಬೇಕಾಗಲಿಲ್ಲ. ಹಗಲಿನ ಮಾತಿಗೆ ಅತ್ತೆ ಹೇಗೂ ಇದ್ದರು. ನಮ್ಮದೇ ಆಗಿದ್ದ ಅಷ್ಟಿಷ್ಟು ಮಾತು ಕೋಣೆಯೊಳಗಿನದು, ಅದು ನಿಂತಿತು. ಮಗು ಹೋದಾಗ ಗಂಡ ಹೆಂಡತಿ ತಬ್ಬಿ ಅಳುತ್ತಾರೆಂದು ಓದಿದ್ದೆ. ನಾವು ಒಂದು ದಿನವೂ ಒಟ್ಟಿಗೆ ಅಳಲಿಲ್ಲ. ಕೂಸಿನ ಉಸಿರು ಸರಿ ಇಲ್ಲ ಎಂದು ಹೇಳಿ ಕಳಿಸಿದರೂ ಪೇಟೆಗೆ ಹೋದ ಮನುಷ್ಯ ಎಂದೇ ನಾನು ತಿಳಿದಿದ್ದೆ. ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ನಾನು ಕೇಳಲಿಲ್ಲ. ಗಾಡ್ ಫರ್ಗಿವ್ ಮಿ, ಕೇಳಬೇಕೆಂದು ಅನ್ನಿಸಲೂ ಇಲ್ಲ.

ಎರಡು ವರ್ಷ ಹೀಗೇ ನಡೆಯಿತು. ಸವದತ್ತಿಯ ಲೇಡಿ ಡಾಕ್ಟರೊಬ್ಬರು ನನಗೆ ಟಾನಿಕ್ ಬರೆದುಕೊಟ್ಟರು. ಅತ್ತೆ ಗುಡ್ಡದ ದೇವಿಗೆ ಹರಕೆ ಹೊತ್ತರು. ಎರಡು ಸಲ ಹಿರಿಯರು ಕೂಡಿದರು. ಹಿರಿಯರು ಕೂಡುವುದೆಂದರೆ, ಗಂಡನ ಪರವಾಗಿ ಅವರ ಸೋದರಮಾವ, ಅಂದರೆ ಅತ್ತೆಯ ಅಣ್ಣ, ನನ್ನ ಪರವಾಗಿ ಕಿತ್ತೂರಿನಿಂದ ಬಂದ ನನ್ನ ಅಣ್ಣ, ನಡುವೆ ಓಣಿಯ ನಾಲ್ಕು ಮಂದಿ. ನಾವಿಬ್ಬರೂ ಬಾಯಿ ತೆರೆಯುವಂತಿಲ್ಲ. ಅವರೇ ವಾದ ಮಾಡಿ, ಅವರೇ ತಪ್ಪು ಹಂಚಿ, ಕೊನೆಗೆ ಒಂದು ಚೂರು ಬೆಲ್ಲವನ್ನು ನನ್ನ ಕೈಯಿಂದ ಅವರ ಬಾಯಿಗೆ, ಅವರ ಕೈಯಿಂದ ನನ್ನ ಬಾಯಿಗೆ ಹಾಕಿಸಿ, "ಮುಗೀತು, ಇನ್ನ ಸುಖದಿಂದ ಇರ್ರಿ" ಎಂದು ಚಹಾ ಕುಡಿದು ಏಳುತ್ತಿದ್ದರು. ಬೆಲ್ಲ ಕರಗುವ ತನಕ ನಾವು ಗಂಡ ಹೆಂಡತಿ.

ಮೂರನೆಯ ಸಲ ಬೆಲ್ಲ ತರಿಸಲಿಲ್ಲ. ದೀಪಾವಳಿ ಆದ ಮೇಲೆ ಸೋಡಚೀಟಿ ಬರೆದುಬಿಡುವುದು ಎಂದು ಸೋದರಮಾವ ಹೇಳಿದರು. ಹಿರಿಯರ ಎದುರು ಆ ಚೀಟಿ ಬರೆದರೆ ಸಂಬಂಧ ಹರಿದ ಹಾಗೆ. ನಾನು ಕಿತ್ತೂರಿಗೆ ಹೋಗಬೇಕು. "ಹುಡುಗಿ ಮಾತ್ರ ನಮ್ಮ ಮನೀದು" ಎಂದು ಅವರು ನನ್ನ ಅಣ್ಣನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ನನ್ನ ಮಗಳು ಆಗ ನನ್ನ ಪಕ್ಕದಲ್ಲೇ ಕೂತು ಶೇಂಗಾ ಬಿಡಿಸುತ್ತಿದ್ದಳು. ಒಂದು ಮಗು ಹೋಗಿತ್ತು. ಇನ್ನೊಂದನ್ನು ಉಳಿಸಿಕೊಳ್ಳಲು ನನಗಿದ್ದದ್ದು ಮೂರು ತಿಂಗಳು.

ಆಗ ನಾನು ಕಾನ್ವೆಂಟಿನ ಮುದುಕಿ ಸಿಸ್ಟರ್ ಒಬ್ಬರಿಗೆ ಕಾಗದ ಬರೆದೆ. ಪ್ರಾರ್ಥನೆ ಮಾಡು ಎಂದು ಬರೆಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ವಿಳಾಸ ಬರೆದಿದ್ದರು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರೋಗಿಗಳ ಮನೆಮಂದಿಯ ಕಷ್ಟ ಸುಖ ಕೇಳುವ ಕೆಲಸ ಮಾಡಿ, ರಿಟೈರ್ ಆಗಿ ಹುಟ್ಟೂರು ರಾಮದುರ್ಗಕ್ಕೆ ಬಂದಿರುವ ಹೆಣ್ಣುಮಗಳೊಬ್ಬಳಿದ್ದಾಳೆ, ಮ್ಯಾರೇಜ್ ಕೌನ್ಸೆಲಿಂಗ್ ಕಲಿತವಳು, 'ಶೀ ಈಸ್ ನಾಟ್ ಅ ಜಡ್ಜ್, ಮೈ ಚೈಲ್ಡ್' ಎಂದು. ಆ ಕೊನೆಯ ಸಾಲನ್ನು ನಾನು ಸರಿಯಾಗಿ ಓದಲಿಲ್ಲ.

ಮನೆಯಲ್ಲಿ ವಿಷಯ ತೆಗೆದಾಗ ಸೋದರಮಾವ ಕೇಳಿದರು, "ವಕೀಲರಾ?"

"ಅಲ್ರಿ" ಎಂದ ನನ್ನ ಅಣ್ಣ.

"ಡಾಕ್ಟರಾ?"

"ಅದೂ ಅಲ್ರಿ. ಅವರು ಕೇಳತಾರಂತ."

"ಕೇಳೂದಕ್ಕ ರಾಮದುರ್ಗಕ್ಕ ಯಾಕ ಹೋಗಬೇಕೋ ಮಾರಾಯಾ. ನಮ್ಮ ಓಣಿಯಾಗ ಕೇಳೂವರು ಕಡಿಮಿ ಅದಾರನು?"

ನನ್ನ ಗಂಡ ಮಾತ್ರ ಅತ್ತೆಗೆ ಹೇಳಿದರು, "ಎವ್ವಾ, ಅದೂ ಒಂದು ಆಗಿಬಿಡಲಿ ಅನ್ನು. ಚೀಟಿ ಬರಿಯೂದಕ್ಕ ಮೊದಲ ಏನೂ ಬಾಕಿ ಉಳೀಬಾರ್ದು."

ನಾವು ನಾಲ್ವರು ಹೊರಟೆವು. ನಮ್ಮಂಥವರು ಮಾಡುವ ತಪ್ಪನ್ನೇ ಮಾಡಿದೆವು. ಅವರು ಸೋದರಮಾವನನ್ನು, ನಾನು ಅಣ್ಣನನ್ನು, ಹಿರಿಯರ ಕೂಟಕ್ಕೆ ಕರೆದೊಯ್ಯುವ ಹಾಗೆ ಕರೆದುಕೊಂಡು ಹೋದೆವು. ಸವದತ್ತಿಯಲ್ಲಿ ಬಸ್ಸು ಬದಲಿಸಿ, ಮುನವಳ್ಳಿ, ಕಟಕೋಳ ದಾಟಿ ಹೋಗಬೇಕು. ಮುನವಳ್ಳಿಯ ಹತ್ತಿರ ಮಲಪ್ರಭೆಗೆ ಆಣೆಕಟ್ಟು ಕಟ್ಟಿ ಆಗಿನ್ನೂ ಹೊಸದಾಗಿ ನೀರು ನಿಲ್ಲಿಸಿದ್ದರು. ನೀರಿನೊಳಗಿಂದ ಒಣಗಿದ ಬೇವಿನ ಗಿಡಗಳ ತುದಿಗಳು ಕಾಣುತ್ತಿದ್ದವು. ದಾರಿಯುದ್ದಕ್ಕೂ ಅಣ್ಣ ನನಗೆ ಏನೇನು ಹೇಳಬೇಕು, ಯಾವುದನ್ನು ಹೇಳಬಾರದು ಎಂದು ಕಿವಿಯಲ್ಲಿ ಹೇಳುತ್ತಿದ್ದ. ಮುಂದಿನ ಸೀಟಿನಲ್ಲಿ ಸೋದರಮಾವನೂ ಅದನ್ನೇ ಮಾಡುತ್ತಿದ್ದರು.

ಮನೆ ನೇಕಾರರ ಓಣಿಯ ಹಿಂದೆ. ಮಗ್ಗದ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಬಿಳಿಗೂದಲು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ನೂಲಿನ ಸೀರೆ. ನಾವು ಅವರನ್ನು ಬಾಯಾರು ಎಂದು ಕರೆದೆವು, ಸಾಲಿಯ ಟೀಚರನ್ನು ಕರೆಯುವ ಹಾಗೆ. ಕಪಾಟಿನ ಮೇಲೆ ಬುದ್ಧನ ಸಣ್ಣ ಮೂರ್ತಿ ಇತ್ತು. ಅದನ್ನು ನೋಡಿದ ಸೋದರಮಾವ ನನ್ನ ಗಂಡನ ಮುಖ ನೋಡಿದರು. ಯಾವ ಕೇರಿಯ ಮಂದಿ ಬೌದ್ಧರಾದವರೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಾಯಾರು ನೀರು ತಂದಿಟ್ಟರು. ಯಾರೂ ಮುಟ್ಟಲಿಲ್ಲ. ನನ್ನ ಮುಂದೆ ಹಿಡಿದಾಗ, "ಸೋಮವಾರ, ಉಪವಾಸ ಐತ್ರಿ" ಎಂದೆ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಆ ದಿನ ಸೋಮವಾರವಾಗಿರಲಿಲ್ಲ. ಬಾಯಾರು ಒಂದು ಕ್ಷಣ ನನ್ನನ್ನು ನೋಡಿ, ಲೋಟಗಳನ್ನು ಒಳಗೆ ಇಟ್ಟು ಬಂದರು.

ಸೋದರಮಾವ ಗಂಟಲು ಸರಿಮಾಡಿಕೊಂಡು, "ಮೊದಲನೇದ್ದು ಏನಪಾ ಅಂದ್ರ..." ಎಂದು ಶುರು ಮಾಡಿದರು.

"ಮಾವಾರ, ನೀವೂ ಅಣ್ಣಾರೂ ಹೊರಗ ಕಟ್ಟಿ ಮ್ಯಾಲ ಕುಂದರ್ರಿ" ಎಂದರು ಬಾಯಾರು.

"ಹಂಗಾರ ಇವರ ಪರವಾಗಿ ಮಾತಾಡೂವರು ಯಾರು?"

"ಅವರಿಗೆ ಬಾಯಿ ಐತೆಲ್ರಿ."

ಬಾಗಿಲು ಮುಚ್ಚಿತು. ಎರಡು ಕುರ್ಚಿ ಎದುರುಬದುರು ಹಾಕಿ ನಮ್ಮನ್ನು ಕೂಡಿಸಿ, ತಾವು ಗೋಡೆ ಕಡೆ ಒಂದು ಸ್ಟೂಲಿನ ಮೇಲೆ ಕೂತರು. ನಾನು ಬಾಯಾರ ಕಡೆ ತಿರುಗಿ, "ಅವರಿಗೆ ಕೇಳ್ರಿ, ನನ್ನ ತಪ್ಪು ಏನಂತ" ಎಂದೆ. ಅವರೂ ಬಾಯಾರ ಕಡೆ ತಿರುಗಿ, "ಆಕೀಗೆ ಗೊತ್ತೈತಿ ಅನ್ರಿ" ಎಂದರು.

ಬಾಯಾರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನೋಡ್ರಿ, ನಿಮ್ಮಿಬ್ಬರ ನಡುವ ನಾ ಮಾತು ಹೊರೂದಿಲ್ಲ. ನ್ಯಾಯಾನೂ ಹೇಳೂದಿಲ್ಲ. ಏನಿದ್ರೂ ಅವರಿಗೇ ಹೇಳ್ರಿ."

ಆ ದಿನ ಒಂದು ತಾಸು ನಾವು ಏನೂ ಹೇಳಲಿಲ್ಲ. ಹೇಳಲು ಬರಲಿಲ್ಲ ಅನ್ನುವುದೇ ಸರಿ. ನನ್ನ ಗಂಡನ ಮುಖವನ್ನು ಹಗಲು ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮೂವತ್ತೆರಡು ವರ್ಷದ ಮನುಷ್ಯನಿಗೆ.

ಹೋಗುವಾಗ ಬಾಯಾರು ಒಂದು ನಿಯಮ ಹೇಳಿಕೊಟ್ಟರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಉತ್ತರ ಕೊಡಬಾರದು. ಕೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಮೊದಲಿನವರು "ಹೌದು, ಅದನ್ನ ಅಂದೆ" ಅಂದ ಮೇಲೆಯೇ ತಮ್ಮ ಮಾತು. ಇಷ್ಟೇ. ಇದಕ್ಕಾಗಿ ಎರಡು ಬಸ್ಸು ಹತ್ತಿ ಬಂದೆವಲ್ಲ ಎಂದು ನನಗೂ ಅನ್ನಿಸಿತು.

ಹದಿನೈದು ದಿನಕ್ಕೊಮ್ಮೆ ಹೋದೆವು. ಕಟ್ಟೆಯ ಮೇಲೆ ಕೂತು ಬೇಸತ್ತು ಅಣ್ಣ ಬರುವುದು ಬಿಟ್ಟ. ಸೋದರಮಾವ ಬಿಡಲಿಲ್ಲ. ಎರಡನೆಯ ಸಲ ನಾವು ಸಾರಿನ ಉಪ್ಪಿನ ಬಗ್ಗೆ ಮಾತಾಡಿದೆವು, ಬಿಲೀವ್ ಮಿ. ಮೂರನೆಯ ಸಲ ನನ್ನ ಗಂಡ, "ನೀ ಇಂಗ್ಲಿಷ್ ಪುಸ್ತಕ ಹಿಡಕೊಂಡು ಕುಂತರ ನನ್ನ ನೋಡಿ ನಗಾಕ ಹತ್ತೀದಿ ಅನ್ನಸ್ತದ" ಎಂದರು. ಅದನ್ನು ನಾನು ತಿರುಗಿ ಹೇಳಬೇಕಾಯಿತು. ಬೇರೊಬ್ಬರ ನೋವನ್ನು ನಮ್ಮ ಬಾಯಿಂದಲೇ ಹೇಳಬೇಕಾದಾಗ ಅದರ ತೂಕ ಬೇರೆ. ಉತ್ತರ ಹುಡುಕುತ್ತ ಕೂತವರಿಗೆ ಅದು ತಿಳಿಯುವುದಿಲ್ಲ. ಒಂಬತ್ತು ವರ್ಷದ ಸಂಸಾರದಲ್ಲಿ ನಾನು ಅವರ ಒಂದು ಮಾತನ್ನೂ ಕೊನೆಯವರೆಗೆ ಕೇಳಿರಲಿಲ್ಲ ಎಂದು ಗೊತ್ತಾದದ್ದು ಅಲ್ಲಿ.

ನಾಲ್ಕನೆಯ ಸಲ, ದೀಪಾವಳಿಗೆ ಇನ್ನು ಎರಡು ವಾರವಿದ್ದಾಗ, ಬಾಯಾರು, "ಇವತ್ತ ಆ ದಿನದ ಮಾತು" ಎಂದರು.

ನನ್ನ ಗಂಡ ಮೊದಲು ಹೇಳಿದರು. ನೆಲ ನೋಡುತ್ತಲೇ. "ಕೂಸಿಗೆ ಸಣ್ಣ ಕೆಮ್ಮೈತಿ, ಗಡಿಬಿಡಿ ಏನಿಲ್ಲ, ಕೆಲಸಾ ಮುಗಿಸಿಕೊಂಡು ಬಂದು ನೋಡಿದ್ರ ನಡೀತದ ಅಂತ ನೀ ಹೇಳಿ ಕಳಿಸಿದಿ. ನಾ ನಂಬಿ ಪೇಟಿಗೆ ಹೋದೆ. ಓದಿದಾಕಿ, ಕೂಸಿನ ಗಂಟಲದಾಗ ಏನಾಗೇತಿ ಅಂತ ನಿನಗ ತಿಳೀಲಿಲ್ಲಲ್ಲ ಅಂತ ನಾ ಇಷ್ಟ ದಿನ..."

ನಾನು ಅದನ್ನು ತಿರುಗಿ ಹೇಳಬೇಕಿತ್ತು. ನಾನು ಎಂದೂ ಆಡಿರದ ಮಾತನ್ನು, ನಾನೇ ಆಡಿದೆ ಅಂತ, ನನ್ನ ಬಾಯಿಂದ. "ಕೂಸಿಗೆ ಸಣ್ಣ ಕೆಮ್ಮೈತಿ, ಗಡಿಬಿಡಿ ಏನಿಲ್ಲ ಅಂತ ನಾ ಹೇಳಿ ಕಳಿಸಿದೆ" ಎಂದೆ. ಬಾಯಾರು ಕೈಯೆತ್ತಿ ಅವರನ್ನು ನೋಡಿದರು. "ಹೌದು, ಅದನ್ನ ಅಂದೆ" ಎಂದರು ಅವರು.

ಆಮೇಲೆ ನನ್ನ ಸರದಿ. "ಕೂಸಿನ ಉಸಿರು ಸರಿ ಇಲ್ಲ, ಈಗಿಂದೀಗ ಬೆಳಗಾವಿಗೆ ಒಯ್ಯಬೇಕಂತ ನಾ ಹೇಳಿ ಕಳಿಸಿದ್ದೆ. ಮಂದಿ ಹೋದ ಮ್ಯಾಲ ನೋಡೂಣಂತ ನೀವಂದ್ರಿ ಅಂತ ನನಗ ಬಂದು ಹೇಳಿದ್ರು."

"ಕೂಸಿನ ಉಸಿರು ಸರಿ ಇಲ್ಲ" ಎಂದು ಅವರು ಶುರು ಮಾಡಿದರು. "ಈಗಿಂದೀಗ..." ಅಲ್ಲಿಗೇ ನಿಂತರು. ಗೋಡೆಯಾಚೆ ಮಗ್ಗ ಬಡಿಯುತ್ತಲೇ ಇತ್ತು. ನಾವು ಇಬ್ಬರೂ ಒಂದೇ ಹೊಸ್ತಿಲನ್ನು, ಅಲ್ಲಿ ನಿಂತ ಒಬ್ಬರನ್ನೇ ನೋಡುತ್ತಿದ್ದೆವು.

ಬಾಯಾರು ಸಮಾಧಾನ ಹೇಳಲಿಲ್ಲ. ನೀರು ತಂದುಕೊಟ್ಟರು. ನನ್ನ ಗಂಡ ಗಟಗಟ ಕುಡಿದು ಲೋಟ ಕೆಳಗಿಟ್ಟರು, ನಾನೂ ಕುಡಿದೆ. ಕಿಟಕಿಯ ಸರಳಿನಾಚೆ ಸೋದರಮಾವ ನಿಂತು ನೋಡುತ್ತಿದ್ದರು. "ನಡುವ ಇದ್ದವರು ಇಲ್ಲಿಲ್ಲ" ಎಂದರು ಬಾಯಾರು. "ಅವರ ಮಾತು ಕೇಳದನ ಅವರಿಗೆ ಶಿಕ್ಷಾ ಕೊಡಬ್ಯಾಡ್ರಿ. ಮುಂದಿನ ಸಲ ಅವರನ್ನೂ ಕರಕೊಂಡು ಬರ್ರಿ."

ತಿರುಗಿ ಬರುವಾಗ ಮುನವಳ್ಳಿ ದಾಟಿದ ಮೇಲೆ ನೀರಿನ ಮೇಲಿನ ಗಾಳಿ ಬಸ್ಸಿನೊಳಗೆ ನುಗ್ಗಿತು. "ಖಿಡಕಿ ಹಾಕಲೇನು? ಥಂಡಿ ಐತಿ" ಎಂದರು ನನ್ನ ಗಂಡ. ನನಗೇ, ನೇರವಾಗಿ, ಮುಂದಿನ ಸೀಟಿನಲ್ಲಿ ಸೋದರಮಾವ ಇದ್ದಾಗಲೇ. "ಹಾಕ್ರಿ" ಎಂದೆ. ನನ್ನ ಮದುವೆ ಉಳಿಯಿತು ಎಂದು ಆ ಹೊತ್ತಿಗೆ ನನಗೆ ಗೊತ್ತಾಯಿತು. ಸಂತೋಷವಾಗಬೇಕಿತ್ತು.

ಮನೆಗೆ ಬಂದದ್ದೇ ನನ್ನ ಗಂಡ ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿ ನಿಂತು, ಆ ದಿನ ತನಗೆ ಯಾಕೆ ಹಾಗೆ ಹೇಳಿದೆ ಎಂದು ಅತ್ತೆಯನ್ನು ಕೇಳಿದರು. ನಾನು ಅವರ ತೋಳು ಹಿಡಿದು, ಇಲ್ಲಿ ಬೇಡ, ರಾಮದುರ್ಗದಲ್ಲಿ ಎಂದೆ. ಅವರು ಕೊಸರಿಕೊಂಡರು.

ಅತ್ತೆ ಸುಳ್ಳು ಹೇಳಲಿಲ್ಲ. ಕೈಯಲ್ಲಿ ಅಕ್ಕಿಯ ಮೊರ ಇತ್ತು, ಅದನ್ನು ಕೆಳಗಿಡಲೂ ಇಲ್ಲ. "ಮಂದಿ ಕುಂತಿದ್ರಪಾ. ಈಕಿ ಸಣ್ಣದಕ್ಕೂ ಗಾಬರಿ ಆಗಾಕಿ ಅಂತ ತಿಳದ್ನಿ. ಹುಡುಗಿಗೆ ಹಲ್ಲು ಬರೂಮುಂದನೂ ಬೆಳಗಾವಿ ಬೆಳಗಾವಿ ಅಂದಿದ್ಲು. ಮಂದಿ ಮುಂದ ನೀ ಗಾಬರಿ ಆಗಬಾರ್ದಂತ ಹಗೂರ ಮಾಡಿ ಹೇಳಿದ್ನಿ."

"ಎರಡು ವರ್ಷ ಯಾಕ ಬಾಯಿ ಬಿಡಲಿಲ್ಲ?"

ಅತ್ತೆ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದರು.

ಸೋಡಚೀಟಿಯ ಮಾತು ಬಿದ್ದುಹೋಯಿತು. ಹಿರಿಯರು ಕೂಡಿ ಬೆಲ್ಲ ಹಂಚಿದರು. ರಾಮದುರ್ಗದ ಮಾತೆಲ್ಲ ಸುಳ್ಳು, ತಾವು ಬೆನ್ನು ಬಿಡದೆ ಓಡಾಡಿದ್ದರಿಂದಲೇ ಇದಾದದ್ದು ಎಂದು ಸೋದರಮಾವ ಓಣಿಯೆಲ್ಲ ಹೇಳಿಕೊಂಡು ಬಂದರು. ನಾನೂ ನನ್ನ ಗಂಡನೂ ಎಲ್ಲರ ಎದುರಿಗೇ ಮಾತಾಡತೊಡಗಿದೆವು. ಮಗಳು ನನ್ನ ಹತ್ತಿರ ಉಳಿದಳು.

ಮಾತು ಬಿಟ್ಟದ್ದು ಈಗ ನನ್ನ ಗಂಡ ಮತ್ತು ಅವರ ತಾಯಿ. ಒಂದೇ ಮನೆ, ಅದೇ ಪಡಸಾಲೆ. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಕೂತು ನನಗೆ ಹೇಳುತ್ತಿದ್ದರು, "ಅವಗ ಬಿಸಿನೀರು ಕಾದಾವ ಅಂತ ಹೇಳವಾ." ನಾನು ಹೊಸ್ತಿಲಿಗೆ ಹೋಗಿ ಹೇಳುತ್ತಿದ್ದೆ. ಎಕ್ಸ್‌ಚೇಂಜಿನಲ್ಲಿ ಈಗ ನಾನು ಕೂತಿದ್ದೆ. ಎಷ್ಟು ಬೇಗ ನಾನೂ ಮಾತು ಬದಲಿಸಲು ಕಲಿತೆ ಎಂದರೆ ಹೇಳಲು ನಾಚಿಕೆ. ಅವರು "ಆಕೀ ಕೈಯಿಂದ ನನಗ ಏನೂ ಬ್ಯಾಡ" ಅಂದರೆ, ನಾನು ಒಳಗೆ ಬಂದು, "ಆಮ್ಯಾಲೆ ಜಳಕಾ ಮಾಡ್ತಾರಂತ್ರಿ" ಎನ್ನುತ್ತಿದ್ದೆ. ಕೇಳದಿದ್ದರೂ, "ಅವ್ವ ಉಂಡಳೇನು ಅಂತ ಕೇಳಿದ್ರು" ಎನ್ನುತ್ತಿದ್ದೆ. ಅತ್ತೆಯ ಮುಖ ಅರಳುತ್ತಿತ್ತು. ಹಗುರ ಮಾಡಿ ಹೇಳುವುದು ಎಷ್ಟು ಸುಲಭ, ಎಷ್ಟು ಕರುಣೆಯ ಕೆಲಸ ಅನ್ನಿಸುತ್ತದೆ. ಅತ್ತೆಯನ್ನು ನಾನು ಕ್ಷಮಿಸಿದ್ದು ಆಗ, ಅದೇ ತಪ್ಪನ್ನು ಮಾಡುತ್ತ ಮಾಡುತ್ತ.

ಬಾಯಾರಿಗೆ ಕಾಗದ ಬರೆದೆ. ಕಾರ್ಡಿನಲ್ಲಿ ಎರಡೇ ಸಾಲು ಬಂತು, 'ಇಬ್ಬರನ್ನೂ ಕರೆತನ್ನಿ. ಅಲ್ಲಿಯವರೆಗೆ ನೀವು ಮಾತು ಹೊರಬೇಡಿ.' ನನ್ನ ಗಂಡ ಬೇಡವೆಂದು ತಲೆ ಅಲ್ಲಾಡಿಸಿದರು. ಅತ್ತೆಯನ್ನು ಕೇಳಿದೆ.

"ನೀವು ನೀರು ಕುಡದು ಬಂದ್ರೆಲ್ಲ, ಆ ಮನಿಗಾ?" ಎಂದರು ಅತ್ತೆ. "ನಮ್ಮ ಅಣ್ಣ ಎಲ್ಲಾ ಹೇಳ್ಯಾನ. ಆಕೀ ಮುಂದ ಹೋಗಿ ನಾ ಕುಂದರೂದಾ? ನನ್ನ ಹೆಣಾ ಹೋಗೂದಿಲ್ಲ." ಅಷ್ಟು ಕುಗ್ಗಿದ ಮೇಲೂ ಅದೊಂದನ್ನು ಅವರು ಗಟ್ಟಿಯಾಗಿ ಹಿಡಿದಿದ್ದರು. ನಾನು ಒತ್ತಾಯ ಮಾಡಲಿಲ್ಲ. ಸೋಮವಾರದ ಉಪವಾಸದ ಹೆಂಗಸು ಯಾವ ಬಾಯಿಂದ ಒತ್ತಾಯ ಮಾಡಬೇಕು?

ಹೀಗೆ ಮೂರು ವರ್ಷ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನನ್ನ ಮಣಿಕಟ್ಟು ಹಿಡಿದು, "ಅವಗ ಹೇಳವಾ. ನಾ ಬೇಕಂತ ಮಾಡಲಿಲ್ಲ. ಕೂಸು ನಂದೂ ಇತ್ತು ಅಂತ ಹೇಳು" ಎಂದರು.

ನಾನು ಪಡಸಾಲೆಗೆ ಹೋದೆ. ಅವರು ಅಂಗಡಿಗೆ ಹೊರಟಿದ್ದರು. ಬಾಯಿಗೆ ಬಂದ ಮಾತನ್ನು ತಡೆದೆ. ಕಾರ್ಡಿನ ಆ ಎರಡು ಸಾಲು ತಲೆಯಲ್ಲಿತ್ತು. ಈ ಮಾತನ್ನಾದರೂ ಅವರು ತಾಯಿಯ ಬಾಯಿಂದಲೇ ಕೇಳಲಿ ಎಂದುಕೊಂಡೆ. "ಅತ್ತಿ ಏನೋ ಹೇಳಬೇಕಂತಾರ. ನಾ ಹೊತ್ತು ತರೂದಿಲ್ಲ. ನೀವ ಒಳಗ ಬಂದು ಕೇಳ್ರಿ" ಎಂದೆ.

ಅವರು ಬಾಗಿಲಿನ ಚೌಕಟ್ಟು ಹಿಡಿದು ಒಳಗಿನ ಕಡೆ ನೋಡಿದರು. "ಮಧ್ಯಾಹ್ನ ಬಂದು ಕೇಳತೇನಿ" ಎಂದು ಚಪ್ಪಲಿ ಹಾಕಿಕೊಂಡರು.

ಮಧ್ಯಾಹ್ನ ಅವರು ಬಂದಾಗ ಓಣಿಯ ಹೆಂಗಸರು ಆಗಲೇ ಕೂಡಿದ್ದರು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ಅವರು ಅಡುಗೆಮನೆಗೆ ಬಂದು, ಅತ್ತೆ ಕೂರುತ್ತಿದ್ದ ಮೂಲೆಯಲ್ಲಿ ಮಣೆ ಎಳೆದುಕೊಂಡು ಕೂತರು. "ಅವ್ವ ಏನಂದಿದ್ಲು?" ಎಂದು ಕೇಳಿದರು.

ನಾನು ಒಂದಕ್ಷರ ಹಗುರ ಮಾಡದೆ, ಒಂದಕ್ಷರ ಭಾರ ಮಾಡದೆ ಹೇಳಿದೆ.

ಅವರು ರಾಮದುರ್ಗದ ನಿಯಮದಂತೆ, ನೆಲ ನೋಡುತ್ತ, ತಿರುಗಿ ಹೇಳಿದರು. "ನಾ ಬೇಕಂತ ಮಾಡಲಿಲ್ಲ. ಕೂಸು ನಂದೂ ಇತ್ತು." ಹೇಳಿ, ತಲೆಯೆತ್ತಿ ಕಾದರು.

"ಹೌದು, ಅದನ್ನ ಅಂದೆ" ಎನ್ನಬೇಕಾದವಳು ನಾನಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಬಂತು, ನಾನು ಎದ್ದು ಇಳಿಸಿದೆ.